ಎಡಗಡೆ ಸೀಟು

ನನ್ನ ಮೊದಲ ಕೆಲಸಕ್ಕೆ ಬೇಕಾಗಿದ್ದ ಮುಖ್ಯ ಸಾಮಾನು ಒಂದು ಮರದ ತುಂಡು. ಹೊನ್ನೆ ಮರದ್ದು. ಮೊಳಕ್ಕಿಂತ ತುಸು ಗಿಡ್ಡ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಳಿಜಾರಾಗಿ ಕೆತ್ತಿದ್ದು. ಟೈರಿಗೆ ಉಜ್ಜಿ ಉಜ್ಜಿ ಅದರ ಮೈ ಟೈರಿನ ಬಣ್ಣಕ್ಕೇ ತಿರುಗಿತ್ತು. ಅದನ್ನು ಲಾರಿಯ ಎಡಗಡೆ ಸೀಟಿನ ಕೆಳಗೆ, ಕತ್ತಲಲ್ಲಿ ಕೈ ಚಾಚಿದರೂ ಸಿಗುವ ಹಾಗೆ ಇಟ್ಟುಕೊಳ್ಳಬೇಕು. ಏರಿನಲ್ಲಿ ಗಾಡಿ ನಿಂತ ಕೂಡಲೇ ಮಾವ "ಕಲ್ಲು ಕೊಡೋ" ಎಂದು ಕೂಗುತ್ತಿದ್ದರು. ಮರದ ತುಂಡಾದರೂ ಕೂಗುವುದು ಕಲ್ಲು ಎಂದೇ. ಗಾಡಿ ಹಿಂದಕ್ಕೆ ಜರುಗುವ ಮೊದಲು ನಾನು ಧುಮುಕಿ, ಓಡಿ, ಹಿಂದಿನ ಚಕ್ರದ ಬುಡಕ್ಕೆ ಅದನ್ನು ಒತ್ತಿಟ್ಟು, ಪಕ್ಕದ ಹಲಗೆಗೆ ಅಂಗೈಯಲ್ಲಿ ಒಂದು ಏಟು ಹೊಡೆಯಬೇಕು. ಆ ಸದ್ದು ಕೇಳುವವರೆಗೆ ಹತ್ತು ಟನ್ ಯೂರಿಯಾ ನಿಂತಿರುತ್ತಿದ್ದುದು ಮಾವನ ಬಲಗಾಲಿನ ಮೇಲೆ.

ಅದು 1984. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್ ಎರಡರಲ್ಲೂ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಅವ್ವನ ತಮ್ಮ ಹಾಸನದ ಸಾಹುಕಾರರೊಬ್ಬರ ಲಾರಿಗೆ ಡ್ರೈವರ್. ಒಂದು ದಿನ ಊಟಕ್ಕೆ ಬಂದವರು, "ಅಕ್ಕಾ, ನಂಜೊತೆ ಕಳ್ಸು. ಒಂದು ವರ್ಷ ಕ್ಲೀನರ್ ಆಗಿರ್ಲಿ. ಸ್ಟೇರಿಂಗ್ ಕಲಿತ್ರೆ ಅನ್ನಕ್ಕೊಂದು ದಾರಿ, ಕಲೀದಿದ್ರೆ ಬುದ್ಧಿಯಾದ್ರೂ ಬತ್ತದೆ" ಎಂದರು. ಒಂದು ವರ್ಷ ಎಂದದ್ದು ನಾಲ್ಕು ವರ್ಷವಾಯಿತು.

ಗಾಡಿ ಟಾಟಾ 1210. ಟಾಟಾ ಲಾರಿಗಳ ಜಾತಕ ಅವುಗಳ ನಂಬರಿನಲ್ಲೇ ಇರುತ್ತದೆ. ಮೊದಲ ಎರಡು ಅಂಕಿ, ಸರಕೂ ಸೇರಿ ಗಾಡಿ ಎಷ್ಟು ಟನ್ ತೂಗಬಹುದು ಎಂಬುದಕ್ಕೆ; ಕೊನೆಯ ಎರಡನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಅಶ್ವಶಕ್ತಿ ಹೆಚ್ಚುಕಡಿಮೆ ಸಿಗುತ್ತದೆ. ನಮ್ಮದು 12 ಟನ್ನಿನ, ನೂರು ಕುದುರೆಯ ಗಾಡಿ. ಅದಕ್ಕೆ ಹತ್ತು ಟನ್ ಗೊಬ್ಬರ ಹೇಗೆ ಹಾಕುತ್ತಿದ್ದಿರಿ ಎಂದು ಲೆಕ್ಕ ಬಲ್ಲವರು ಕೇಳಬಹುದು. ರಾತ್ರಿ ಹೊತ್ತು ದಾರಿಯಲ್ಲಿ ಟಾರ್ಚ್ ಹಿಡಿದು ಕೇಳುವವರೂ ಇದ್ದರು. ಮಾವ ಕೆಳಗಿಳಿದು ಹೋಗಿ ಉತ್ತರ ಕೊಟ್ಟು ಬರುತ್ತಿದ್ದರು.

ಹಾಸನದ ಸಂತೆಪೇಟೆಯಲ್ಲಿ ಅದನ್ನು ಯಾರೂ ಟಾಟಾ ಎನ್ನುತ್ತಿರಲಿಲ್ಲ, ಬೆಂಜ್ ಗಾಡಿ ಎನ್ನುತ್ತಿದ್ದರು. ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರುಮಾಡಿತ್ತು. ಒಪ್ಪಂದ 1969ಕ್ಕೆ ಮುಗಿದು, ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ ಹೋಗಿ 'ಟಿ' ಅಕ್ಷರ ಬಂದು ಹದಿನೈದು ವರ್ಷವಾಗಿದ್ದರೂ ಜನರ ಬಾಯಲ್ಲಿ ನಕ್ಷತ್ರ ಉಳಿದೇ ಇತ್ತು. ನನ್ನ ಮಗಳಿಗೆ ಬೆಂಜ್ ಎಂದರೆ ಸಿನಿಮಾದವರ ಕಾರು. ನನಗೆ ಇವತ್ತಿಗೂ ಅದು ಆಲೂಗಡ್ಡೆ ಮೂಟೆ ಹೊರುವ ಗಾಡಿಯೇ.

ಆಲೂಗಡ್ಡೆ ಹಾಸನದಿಂದ ಮಂಗಳೂರಿಗೆ. ಬರುವಾಗ ಹೆಂಚು, ಇಲ್ಲದಿದ್ದರೆ ಪಣಂಬೂರಿನ ಗೊಬ್ಬರ. ಹೋಗಿ ಬರುವ ದಾರಿ ಒಂದೇ: ಸಕಲೇಶಪುರ, ದೋಣಿಗಾಲ್, ಮಾರನಹಳ್ಳಿ, ಕೆಂಪುಹೊಳೆ, ಗುಂಡ್ಯ. ಶಿರಾಡಿ ಘಾಟಿಯ ಆ ಸುಮಾರು 26 ಕಿಲೋಮೀಟರು ನನ್ನ ಹೈಸ್ಕೂಲೂ ಹೌದು, ಕಾಲೇಜೂ ಹೌದು.

ಕ್ಲೀನರ್ ಎಂದರೆ ಗಾಡಿ ತೊಳೆಯುವವನು ಎಂದು ಹೆಸರು ಹೇಳುತ್ತದೆ. ತೊಳೆಯುವುದು ಕೊನೆಯ ಕೆಲಸ. ಬೆಳಗ್ಗೆ ಎದ್ದರೆ ರೇಡಿಯೇಟರಿಗೆ ನೀರು, ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡುವುದು, ಗಾಡಿಯ ಅಡಿಗೆ ಮಲಗಿಕೊಂಡು ಗ್ರೀಸು ತುಂಬುವುದು. ಜಾಕಿ ರಾಡಿನಿಂದ ಆರೂ ಟೈರಿಗೆ ಒಂದೊಂದು ಏಟು ಹಾಕಿ ಸದ್ದು ಕೇಳಬೇಕು. ಗಾಳಿ ಸರಿಯಿದ್ದರೆ ರಾಡು ಪುಟಿದು ಕೈಗೆ ಬರುತ್ತದೆ. ಕಡಿಮೆಯಿದ್ದರೆ ಹಿಟ್ಟಿನ ಮೂಟೆಗೆ ಹೊಡೆದಂತೆ ಸದ್ದು ಅಲ್ಲೇ ಸಾಯುತ್ತದೆ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದು ಕಣ್ಣಿಗೆ ಕಾಣುವುದಿಲ್ಲ. ಅದರ ಪಂಚರನ್ನು ಕಿವಿಯಿಂದಲೇ ಹಿಡಿಯಬೇಕು.

ದಾರಿಯಲ್ಲಿ ಎಡಗಡೆಯ ಕನ್ನಡಿಯೂ ನಾನೇ. ಇದ್ದ ಕನ್ನಡಿ ಅಂಗೈಯಗಲ, ಅದೂ ಗಾಡಿಯ ನಡುಕಕ್ಕೆ ಕುಣಿಯುತ್ತಿತ್ತು. ಕಿಟಕಿಯಿಂದ ಎದೆಯವರೆಗೂ ಹೊರಗೆ ಬಾಗಿ, ಬಾಗಿಲಿಗೆ ಎರಡು ಏಟು ಹೊಡೆದರೆ 'ರೈಟ್', ಒಂದೇಟು ಹೊಡೆದರೆ 'ಓಲ್ಡಾನ್'. ಎದುರಿನಿಂದ ಟ್ಯಾಂಕರ್ ಬಂದು ಮಾವ ಗಾಡಿಯನ್ನು ಅಂಚಿಗೆ ಒತ್ತಿದಾಗ, ಎಡ ಚಕ್ರಕ್ಕೂ ಪ್ರಪಾತಕ್ಕೂ ನಡುವೆ ಎಷ್ಟು ಮಣ್ಣಿದೆ ಎಂದು ನೋಡಿ ಹೇಳಬೇಕಾದವನು ಹದಿನಾರು ವರ್ಷದ ನಾನು. ಮಾವ ನನ್ನ ಅಂದಾಜನ್ನು ಒಮ್ಮೆಯೂ ಪ್ರಶ್ನಿಸಲಿಲ್ಲ. ಮೇಷ್ಟ್ರು ಯಾರೂ ನನ್ನನ್ನು ಹಾಗೆ ನಂಬಿರಲಿಲ್ಲ.

ಆ ಕಾಲದ ಚಕ್ರ ಕಟ್ಟುವುದೂ ಜೀವದ ಮೇಲಿನ ಆಟವೇ. ಟೈರು, ಒಳಗೆ ಟ್ಯೂಬು, ಟ್ಯೂಬಿನ ಅಡಿಗೆ ಫ್ಲಾಪು, ಎಲ್ಲವನ್ನೂ ಹಿಡಿದಿಡಲು ಕಬ್ಬಿಣದ ಲಾಕ್ ರಿಂಗು. ರಿಂಗು ತನ್ನ ಕಚ್ಚಿನಲ್ಲಿ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಸಿಡಿದು ಬರುತ್ತದೆ. ಉಪ್ಪಿನಂಗಡಿಯ ಹತ್ತಿರ ಒಂದು ಪಂಚರ್ ಅಂಗಡಿಯಲ್ಲಿ ಅವಸರಕ್ಕೆ ನಾನೇ ಗಾಳಿ ಹಿಡಿದಿದ್ದೆ. ಮಾವ ದೂರದಿಂದ ನೋಡಿ ಓಡಿ ಬಂದು ನನ್ನ ರೆಟ್ಟೆ ಹಿಡಿದು ಎಳೆದರು. ಎಳೆದದ್ದಕ್ಕೂ ರಿಂಗು ಹಾರಿದ್ದಕ್ಕೂ ಒಂದು ಉಸಿರಿನ ಅಂತರವಿತ್ತೇನೋ. ಅದು ಚಾವಣಿಯ ತಗಡನ್ನು ಹರಿದುಕೊಂಡು ಹೋಗಿ ಹಿಂದಿನ ಅಡಿಕೆ ತೋಟದಲ್ಲಿ ಬಿತ್ತು. ಮಾವ ಬೈಯಲಿಲ್ಲ. ಅಂಗಡಿಯವನಿಗೆ ತಗಡಿನ ದುಡ್ಡು ಕೊಟ್ಟು, ರಿಂಗನ್ನು ನನ್ನ ಕೈಯಲ್ಲೇ ಹುಡುಕಿಸಿ ತರಿಸಿ, "ಇನ್ಮೇಲೆ ರಿಂಗು ನೆಲಕ್ಕೆ ಮುಖ ಮಾಡಿರ್ಬೇಕು" ಎಂದರು, ಅಷ್ಟೇ.

ಗೊಬ್ಬರ ಹೊತ್ತು ಗುಂಡ್ಯದಿಂದ ಹತ್ತತೊಡಗಿದರೆ ಕೆಂಪುಹೊಳೆ ದಾಟುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಗಾಡಿ ಎರಡನೇ ಗೇರಿಗೆ, ಅಲ್ಲಿಂದ ಒಂದನೆಯದಕ್ಕೆ ಇಳಿಯುತ್ತಿತ್ತು. ಡಬಲ್ ಕ್ಲಚ್ ಹಾಕದಿದ್ದರೆ ಆ ಗೇರುಗಳು ಬೀಳುವ ಪೈಕಿಯಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು ಎಂಜಿನ್ನಿನ ವೇಗವನ್ನು ಗೇರಿನ ಹಲ್ಲುಗಳ ವೇಗಕ್ಕೆ ಹೊಂದಿಸಿ, ಮತ್ತೆ ಕ್ಲಚ್ ಒತ್ತಿ ತಳ್ಳಬೇಕು. ಏರಿನಲ್ಲಿ ಇದಕ್ಕೆಲ್ಲ ಸಿಗುವ ಸಮಯ ಒಂದು ಕ್ಷಣ. ತಪ್ಪಿದರೆ ಗೇರು ಸಿಗದೆ ಗಾಡಿ ನಿಲ್ಲುತ್ತದೆ, ಕೂಗು ಬರುತ್ತದೆ, ನಾನು ಧುಮುಕುತ್ತೇನೆ. ಮಾವ ತಪ್ಪುವುದು ಅಪರೂಪ. ಆದರೂ ತಿರುವುಗಳಲ್ಲಿ ನಾನು ಇಳಿದು ಗಾಡಿಯ ಹಿಂದೆ ನಡೆಯುತ್ತಿದ್ದೆ, ಬಗಲಲ್ಲಿ ಮರದ ತುಂಡು. ಗಾಡಿ ನಡೆಯುವವನಿಗಿಂತ ಜೋರಾಗಿ ಹೋಗುತ್ತಿರಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಒಂದೇ ಹಿಂಬದಿ ದೀಪದ ಕೆಂಪು, ತಾಡಪಾಲಿನಿಂದ ಸುರಿವ ನೀರು, ಸುಟ್ಟ ಡೀಸೆಲ್ಲಿನ ಬಿಸಿ ಹೊಗೆ. ಆ ಹೊಗೆ ಮೈಗೆ ಹಿತವಾಗಿರುತ್ತಿತ್ತು ಎಂದರೆ ಈಗಿನವರು ನಗುತ್ತಾರೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. "ಹತ್ತಿದ ಗೇರಲ್ಲೇ ಇಳೀಬೇಕು" ಎಂಬುದು ಮಾವನ ಮೊದಲ ಪಾಠ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮು ಕಾದು, ಲೈನರ್ ಹಿಡಿತ ಬಿಟ್ಟು, ಕೊನೆಗೆ ಪೆಡಲ್ ಒತ್ತಿದರೆ ಹತ್ತಿಯ ಮೇಲೆ ಕಾಲಿಟ್ಟಂತಾಗುತ್ತದೆ. ಸುಟ್ಟ ಲೈನರಿನ ವಾಸನೆ ಮೂಗಿಗೆ ಬಂತೆಂದರೆ ನಿಲ್ಲಿಸಿ ತಣಿಯಲು ಬಿಡಬೇಕು. ಕೆಲವರು ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುತ್ತಿದ್ದರು. ಅಂಥವರ ಗಾಡಿಗಳು ಕೆಲವು ಕೆಳಗೆ, ಮರಗಳ ನಡುವೆ ಬಿದ್ದಿರುವುದನ್ನು ಮಾವ ಬೆರಳು ಮಾಡಿ ತೋರಿಸುತ್ತಿದ್ದರು. ಗೂಗಲ್ ಮ್ಯಾಪಿನಲ್ಲಿ ಇಲ್ಲದ ಆ ಗುರುತುಗಳು ನನಗೆ ಇಂದಿಗೂ ನೆನಪಿವೆ.

ಕಲಿಸುವುದು ಎಂದರೆ ಮಾವ ಪಾಠ ಮಾಡುತ್ತಿದ್ದರು ಎಂದಲ್ಲ. ಒಮ್ಮೆ ನೆಲ್ಯಾಡಿಯ ಹತ್ತಿರ ಡೀಸೆಲ್ ಮುಗಿದು ಗಾಡಿ ನಿಂತಿತು. ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದರೂ ಸ್ಟಾರ್ಟ್ ಆಗಲಿಲ್ಲ. ಮಾವ ರಸ್ತೆ ಬದಿ ಕೂತು ಬೀಡಿ ಹಚ್ಚಿ, "ನೋಡು ನೀನೇ" ಎಂದರು. ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ, ಅದನ್ನು ಹೊರಗೆ ಕಳಿಸಬೇಕು ಎಂದು ಅವರು ಮಾಡಿದ್ದನ್ನು ನೋಡಿ ನೋಡಿ ಗೊತ್ತಿತ್ತು. ಫಿಲ್ಟರಿನ ಮೇಲಿನ ಬೋಲ್ಟು ಸಡಿಲಿಸಿ, ಹ್ಯಾಂಡ್ ಪಂಪಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದೆ. ಮೊದಲು ಬುರುಗು ಬಂತು, ಮಜ್ಜಿಗೆ ಕಡೆದಂತೆ. ಹೆಬ್ಬೆರಳು ಜೋಮು ಹಿಡಿಯಿತು. ಆಮೇಲೆ ಗುಳ್ಳೆ. ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್ ಹರಿಯಿತು. ಬೋಲ್ಟು ಬಿಗಿದು ಸೆಲ್ಫ್ ಒತ್ತಿದೆ. ಗಾಡಿ ಕೆಮ್ಮಿ ಎದ್ದಾಗ ಮಾವ ಬೀಡಿ ಎಸೆದು ಬಂದು, ಬಲಗಡೆ ಬಾಗಿಲು ತೆಗೆಯದೆ ಎಡಗಡೆ ಹತ್ತಿ ಕೂತರು. "ಉಪ್ಪಿನಂಗಡಿ ತನಕ ನೀನು ಹೊಡಿ." ಹಾಗೆ ನಾನು ಡ್ರೈವರ್ ಆದೆ. ಲೈಸೆನ್ಸು ಬಂದದ್ದು 1988ರಲ್ಲಿ.

ಹದಿನೆಂಟು ವರ್ಷ ಓಡಿಸಿದೆ. ಮೂತಿ ಗಾಡಿಗಳು ಹೋಗಿ ಚಪ್ಪಟೆ ಮುಖದವು ಬಂದವು. ಕೈಗೆ 1613 ಬಂತು: 16 ಟನ್ನು, 130 ಕುದುರೆ. ಟರ್ಬೋ ಇದ್ದ ಗಾಡಿಯಲ್ಲಿ ಮೊದಲ ಸಲ ಘಾಟಿ ಹತ್ತಿದ ದಿನ ಕೆಂಪುಹೊಳೆಯ ಏರಿನಲ್ಲಿ ಗಾಡಿ ಮೂರನೇ ಗೇರಿನಲ್ಲೇ ಹೋದಾಗ ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆ ಅನ್ನಿಸಿತ್ತು. ಏರ್ ಬ್ರೇಕ್ ಬಂದ ಮೇಲೆ ಮನಸ್ಸಿಗೆ ನೆಮ್ಮದಿ. ಹಿಂದಿನ ಚಕ್ರದ ಪಾರ್ಕಿಂಗ್ ಬ್ರೇಕನ್ನು ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಗಾಳಿ. ಹಾಗಾಗಿ ಗಾಳಿ ಸೋರಿ ಖಾಲಿಯಾದರೆ ಚಕ್ರ ತಾನಾಗಿ ಕಚ್ಚಿ ನಿಲ್ಲುತ್ತದೆ. ಆಮೇಲೆ ಪವರ್ ಸ್ಟೇರಿಂಗ್. 1998ರಲ್ಲಿ ಹೊಸಕೋಟೆಯಲ್ಲಿ ವೋಲ್ವೋ ಲಾರಿ ತಯಾರಾಗತೊಡಗಿದ ಮೇಲೆ, ಹೆದ್ದಾರಿಯ ಡಾಬಾದಲ್ಲಿ ಒಂದು ನಿಂತಿದ್ದರೆ ನಾವೆಲ್ಲ ತೇರು ನೋಡುವವರಂತೆ ಸುತ್ತ ಸೇರುತ್ತಿದ್ದೆವು. ಅದರ ಡ್ರೈವರ್ ಮುಂಬೈಯಿಂದ ಬಂದಿದ್ದರೂ ಅಂಗಿ ಮಾಸಿರಲಿಲ್ಲ ಎಂಬುದೇ ನಮಗೆ ದೊಡ್ಡ ಸುದ್ದಿ.

ಆಮೇಲೆ ಅದಿರಿನ ಕಾಲ. ಬಳ್ಳಾರಿ, ಹೊಸಪೇಟೆಯ ಕಬ್ಬಿಣದ ಅದಿರು ಮಂಗಳೂರಿನ ಬಂದರಿಗೆ ಲಾರಿಗಳಲ್ಲಿ ಇಳಿಯತೊಡಗಿತು. ಬಾಡಿಗೆ ಚೆನ್ನಾಗಿತ್ತು, ನಿದ್ದೆ ಇರಲಿಲ್ಲ. ಘಾಟಿಯ ಡಾಂಬರು ಆ ಭಾರಕ್ಕೂ ಮಳೆಗೂ ಎದ್ದು ಹೋಗಿ, ಗಾಡಿ ದೋಣಿಯಂತೆ ತೂಗುತ್ತಿತ್ತು. ವಾರಕ್ಕೊಂದು ಸ್ಪ್ರಿಂಗ್ ಪ್ಲೇಟು ಮುರಿಯುತ್ತಿತ್ತು. ಗಾಡಿಗೆ ಪ್ಲೇಟು ಬದಲಿಸಬಹುದು. ನನ್ನ ಬೆನ್ನಿನ ಪ್ಲೇಟು 2006ರಲ್ಲಿ ಜಾರಿತು. ಡಾಕ್ಟರು ಸ್ಟೇರಿಂಗ್ ಬಿಡಿ ಎಂದರು. ಹಾಸನದಲ್ಲಿ ಒಂದು ಬಿಡಿಭಾಗದ ಅಂಗಡಿ ಹಾಕಿಕೊಂಡೆ.

ಅಂಗಡಿಯ ಗಲ್ಲಾದಿಂದ ಲಾರಿಗಳ ಚರಿತ್ರೆ ಬೇರೆಯಾಗಿ ಕಾಣುತ್ತದೆ. ಮೊದಲು ಸೆಂಟರ್ ಬೋಲ್ಟು, ಮೇನ್ ಪ್ಲೇಟು, ಕಿಂಗ್ ಪಿನ್ನು, ಬ್ರೇಕ್ ಲೈನರ್ ಕೇಳಿ ಬರುತ್ತಿದ್ದರು. ಮುರಿದ ಸಾಮಾನನ್ನು ತಂದು ಮೇಜಿನ ಮೇಲಿಡುತ್ತಿದ್ದರು. ಅದರ ಸವೆತ ನೋಡಿದರೆ ಡ್ರೈವರ್ ಹೇಗೆ ಓಡಿಸುತ್ತಾನೆ ಎಂದು ಹೇಳಬಹುದಿತ್ತು. ಈಗ ಫೋನಿನಲ್ಲಿ ಒಂದು ನಂಬರ್ ತೋರಿಸುತ್ತಾರೆ: ಯಾವುದೋ ಸೆನ್ಸರ್. ಅದು ಕೆಟ್ಟಿದೆ ಎಂದು ಹೇಳಿದ್ದು ಲ್ಯಾಪ್‌ಟಾಪು. ಹೊಸದಕ್ಕೂ ಕೆಟ್ಟದ್ದಕ್ಕೂ ಮುಖದಲ್ಲಿ ವ್ಯತ್ಯಾಸವೇ ಇಲ್ಲ.

2020ರ ಏಪ್ರಿಲ್ ಒಂದರಿಂದ ಬಿಎಸ್-6 ಬಂದ ಮೇಲೆ ಇನ್ನೊಂದು ವಿಚಿತ್ರ ನೋಡಿದೆ. ಹೊಗೆಯ ವಿಷ ಕಳೆಯಲು ಈ ಗಾಡಿಗಳು ಡೀಸೆಲ್ ಜೊತೆಗೆ ಯೂರಿಯಾ ನೀರನ್ನೂ ಕುಡಿಯುತ್ತವೆ. ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಬಿಸಿ ಹೊಗೆಗೆ ಅದನ್ನು ಚಿಮುಕಿಸಿದರೆ ನೈಟ್ರೋಜನ್ ಆಕ್ಸೈಡುಗಳು ಒಡೆದು ನಿರುಪದ್ರವಿ ನೈಟ್ರೋಜನ್ನೂ ನೀರೂ ಆಗುತ್ತವೆ. ಐವತ್ತು ಕಿಲೋದ ಇನ್ನೂರು ಚೀಲ ಯೂರಿಯಾವನ್ನು ಬೆನ್ನ ಮೇಲೆ ಹೊರಿಸಿ ಲಾರಿಯನ್ನು ಘಾಟಿ ಹತ್ತಿಸಿದವನು ನಾನು. ಈಗ ಅದನ್ನೇ ಲಾರಿಗೆ ಕುಡಿಸುವ ಕ್ಯಾನುಗಳನ್ನು ಮಾರುತ್ತಿದ್ದೇನೆ.

ಮಾವನ ಮೊಮ್ಮಗ ಈಗ ಹದಿನಾರು ಚಕ್ರದ ಗಾಡಿ ಓಡಿಸುತ್ತಾನೆ. ನಾನು ಅವನ ತಾತನನ್ನು ಮಾವ ಎಂದೆ, ಅವನು ನನ್ನನ್ನು ಮಾವ ಎನ್ನುತ್ತಾನೆ. ಅವನ ಗಾಡಿಯ ಮೇಲೆ 4825 ಎಂದು ಬರೆದಿದೆ. ಹಳೇ ಲೆಕ್ಕವೇ: 48 ಟನ್ನಿನ ಆಸುಪಾಸು, 250 ಕುದುರೆ. ಗಾಡಿ ತಂದ ವರ್ಷ ಆಯುಧಪೂಜೆಗೆ ಬಾಳೆಕಂದು ಕಟ್ಟಿ, ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟ. ಎಂಬತ್ತು ದಾಟಿದ ಮಾವನನ್ನು ಇಬ್ಬರು ಹಿಡಿದು ಹತ್ತಿಸಿ ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಸೀಟು ಅವರ ಭಾರಕ್ಕೆ ಉಸ್ಸೆಂದು ತುಸು ತಗ್ಗಿ ನಿಂತಿತು. ಮಾವ ಸ್ಟೇರಿಂಗನ್ನು ಒಂದು ಬೆರಳಿನಿಂದ ತಿರುಗಿಸಿ ನೋಡಿದರು. ನಾನು ಹತ್ತಿರ ನಿಂತು, "ನಮ್ಮ ಬೆಂಜ್ ಗಾಡಿ ಮಜಾ ಇದ್ರಲ್ಲಿ ಎಲ್ಲಿ ಬತ್ತದೆ ಮಾವ" ಎಂದೆ, ಸಂತೋಷಪಡಿಸಲು.

ಅವರು ನನ್ನ ಕಡೆ ತಿರುಗಿದರು. ಯಾವಾಗಲೂ ಎಡಗಿವಿಯನ್ನೇ ಮುಂದೆ ಮಾಡುತ್ತಾರೆ. ಬಲಗಿವಿ ಕಿಟಕಿಯ ಗಾಳಿಗೂ ಹಾರ್ನಿಗೂ ಹೋಗಿ ಎಷ್ಟೋ ಕಾಲವಾಯಿತು. ಎಡ ಮೊಣಕಾಲು ಮಡಚುವುದಿಲ್ಲ, ಅದು ಕ್ಲಚ್ಚಿನದು. "ಮಜಾ ನಿಂಗೆ ಇತ್ತು ಕಣಪ್ಪ" ಎಂದರು. "ಈ ಸೀಟು ಆಗ ಇದ್ದಿದ್ರೆ ನಾನು ಇವತ್ತು ಒಬ್ನೇ ಹತ್ತಿ ಕೂರ್ತಿದ್ದೆ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಹಳೇ ಲಾರಿಯ ಮೇಲಿನ ಮೋಹ ಎಡಗಡೆ ಸೀಟಿನವರದು. ನನ್ನ ನೆನಪಿನಲ್ಲಿ ಹೊಳೆಯುವುದೆಲ್ಲ ಆ ನಾಲ್ಕು ವರ್ಷ. ಬಲಗಡೆ ಕೂತ ಹದಿನೆಂಟು ವರ್ಷದ್ದು ನನಗೂ ಬೆನ್ನಿನಲ್ಲಷ್ಟೇ ಉಳಿದಿದೆ. 2025ರ ಅಕ್ಟೋಬರಿನಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕು ಎಂದು ಸರ್ಕಾರ ನಿಯಮ ಮಾಡಿದಾಗ ನಮ್ಮ ಅಂಗಡಿ ಮುಂದೆ ಕೆಲವರು ಡ್ರೈವರಿಗೆ ಎಸಿ ಯಾಕೆ ಎಂದು ನಕ್ಕರು. ನಾನು ನಗಲಿಲ್ಲ. ಎಂಜಿನ್ನನ್ನು ತೊಡೆಯ ಪಕ್ಕದಲ್ಲಿಟ್ಟುಕೊಂಡು ಚಿತ್ರದುರ್ಗದ ಬಿಸಿಲಿನಲ್ಲಿ ಓಡಿಸಿದವರು ಯಾರೂ ನಗಲಾರರು.

ಆದರೆ ಒಂದು ಲೆಕ್ಕ ಮಾತ್ರ ಸರಿಹೋಗುತ್ತಿಲ್ಲ. ಟ್ಯೂಬ್‌ಲೆಸ್ ಟೈರು ಬಂದು ರಿಂಗಿನ ಅಪಾಯ ಹೋಯಿತು. ದೊಡ್ಡ ಕನ್ನಡಿ ಬಂದು ಇಣುಕುವ ಕೆಲಸ ಹೋಯಿತು. ಜಿಎಸ್‌ಟಿ ಬಂದು ಚೆಕ್‌ಪೋಸ್ಟಿಗೆ ಕಾಗದ ಹಿಡಿದು ಓಡುವುದೂ, ಫಾಸ್ಟ್‌ಟ್ಯಾಗ್ ಬಂದು ಟೋಲಿಗೆ ಚಿಲ್ಲರೆ ಎಣಿಸುವುದೂ ಹೋದವು. ಒಂದೊಂದೂ ಒಳ್ಳೆಯದೇ. ಎಲ್ಲ ಸೇರಿ ಕ್ಲೀನರನನ್ನು ಕೆಳಗಿಳಿಸಿದವು. ಮಾಲೀಕರಿಗೆ ಒಂದು ಭತ್ಯೆ ಉಳಿಯಿತು. ಈಗ ಡ್ರೈವರ್ ಸಿಗುವುದಿಲ್ಲ ಎಂದು ಅದೇ ಮಾಲೀಕರು ನನ್ನ ಅಂಗಡಿಗೆ ಬಂದು ಗೋಳಾಡುತ್ತಾರೆ. ಎಲ್ಲಿಂದ ಸಿಗಬೇಕು? ಡ್ರೈವರುಗಳು ಬೆಳೆಯುತ್ತಿದ್ದುದು ಆ ಎಡಗಡೆ ಸೀಟಿನಲ್ಲಿ.

ಕಳೆದ ಮಳೆಗಾಲದಲ್ಲಿ ಮಂಗಳೂರಿಗೆ ಹೋಗಬೇಕಿತ್ತು. ಹುಡುಗ, "ನನ್ ಗಾಡೀಲೇ ಬನ್ನಿ ಮಾವ, ವಾಪಸ್ಸೂ ಕರ್ಕೊಂಡ್ ಬತ್ತೀನಿ" ಎಂದ. ಎಡಗಡೆ ಸೀಟಿನ ಮೇಲೆ ನೀರಿನ ಕ್ಯಾನು, ಬಟ್ಟೆಯ ಬ್ಯಾಗು, ಎರಡು ಚಾರ್ಜರ್ ಇದ್ದವು. ತೆಗೆದು ಹಿಂದಕ್ಕೆ ಹಾಕಿ ಜಾಗ ಮಾಡಿಕೊಟ್ಟ. ಅವನ ಕಿವಿಗೊಂದು ಬ್ಲೂಟೂತ್. ದಾರಿಯುದ್ದಕ್ಕೂ ಅದರಲ್ಲಿ ಮೂವರು ಡ್ರೈವರುಗಳು ಮಾತಾಡುತ್ತಿದ್ದರು. ಒಬ್ಬ ಕೊಲ್ಹಾಪುರದ ಹತ್ತಿರ, ಒಬ್ಬ ಸೇಲಂ ದಾಟಿ. ನಿದ್ದೆ ಬರದಿರಲೆಂದು ರಾತ್ರಿಯಿಡೀ ಹೀಗೆ ಲೈನಿನಲ್ಲಿರುತ್ತೇವೆ ಎಂದ. "ಮಾತೇನು?" ಎಂದು ಕೇಳಿದೆ. "ಏನಿಲ್ಲ ಮಾವ, ಊಟ ಆಯ್ತಾ, ಎಲ್ಲಿದ್ದೀಯ, ಅಷ್ಟೇ." ಮಾವ ನಿದ್ದೆ ತೂಗಿದಾಗ ನಾನು ಭುಜ ತಟ್ಟಿ ಏಲಕ್ಕಿ ಕೊಡುತ್ತಿದ್ದುದು ನೆನಪಾಯಿತು.

ವಾಪಸ್ಸು ಬರುವಾಗ ಸರಕು ತುಂಬಿತ್ತು. ಘಾಟಿಯ ರಸ್ತೆ ಈಗ ಕಾಂಕ್ರೀಟು. ಗಾಡಿ ಗುಂಡ್ಯ ಬಿಟ್ಟು ಸಲೀಸಾಗಿ ಏರಿತು. ಹೊರಗಿನ ಮಳೆಯ ಸದ್ದೂ ಒಳಗೆ ಬರಲಿಲ್ಲ. ಕೆಂಪುಹೊಳೆ ದಾಟಿ ಒಂದು ಕಡಿದಾದ ತಿರುವಿನಲ್ಲಿ ಮುಂದೆ ಯಾವುದೋ ಗಾಡಿ ಕೆಟ್ಟು ಸಾಲು ನಿಂತಿತ್ತು. ನಾವೂ ನಿಂತೆವು. ಹಿಂದೆ ಬಸ್ಸು, ಅದರ ಹಿಂದೆ ಕಾರುಗಳು. ಸಾಲು ಮತ್ತೆ ಜರುಗಿದಾಗ ಹುಡುಗ ಬ್ರೇಕಿನಿಂದ ಕಾಲು ತೆಗೆದ. ಎದೆ ಧಸಕ್ಕೆಂದಿತು. ಗಾಡಿ ಒಂದು ಅಂಗುಲವೂ ಹಿಂದಕ್ಕೆ ಹೋಗಲಿಲ್ಲ. ಏರಿನಲ್ಲಿ ನಿಂತಾಗ ಕಾಲು ತೆಗೆದರೂ ಎರಡು ಮೂರು ಸೆಕೆಂಡು ಗಾಡಿಯೇ ಬ್ರೇಕು ಹಿಡಿದಿರುತ್ತದಂತೆ. ಅಷ್ಟರಲ್ಲಿ ಅವನು ನಿಧಾನವಾಗಿ ಕ್ಲಚ್ ಬಿಟ್ಟು ಹೊರಟ.

"ಏನ್ ಮಾವ, ಇಳೀತೀರಾ?" ಎಂದ ನನ್ನ ಕಡೆ ನೋಡಿ.

ಆಗ ನೋಡಿಕೊಂಡೆ. ನನ್ನ ಎಡಗೈ ಬಾಗಿಲಿನ ಹಿಡಿಯ ಮೇಲಿತ್ತು. ಬಲಗೈ ಸೀಟಿನ ಕೆಳಗೆ ತಡಕಾಡುತ್ತಿತ್ತು.

"ಇಲ್ಲಪ್ಪ, ಚಪ್ಪಲಿ ಎಲ್ಲೋ ಹೋಯ್ತು" ಎಂದೆ.